ಹೋಗುತ್ತೆ, ಹೋಗುತ್ತಂತೆ

ಬಿಲ್ ಆಫ್ ಲೇಡಿಂಗ್ ನೋಡಿದವರಿಗೆ ಗೊತ್ತಿರುತ್ತದೆ, ಸರಕಿನ ವಿವರದ ಜೊತೆ 'ಸೆಡ್ ಟು ಕಂಟೇನ್' ಎಂಬ ಮೂರು ಪದಗಳಿರುತ್ತವೆ. ಕಂಟೇನರನ್ನು ತುಂಬಿ ಸೀಲು ಹಾಕಿದವನು ಸರಕಿನ ಯಜಮಾನ. ಹಡಗಿನವನು ಒಳಗೆ ಇಣುಕಿಲ್ಲ. ಹಾಗಾಗಿ ಅವನು ಒಳಗೆ ಇಷ್ಟು ಪೆಟ್ಟಿಗೆ ಇವೆ ಎನ್ನುವುದಿಲ್ಲ, ಇವೆಯಂತೆ ಎನ್ನುತ್ತಾನೆ. ಇಂಗ್ಲಿಷಿಗೆ ಮೂರು ಪದ ಬೇಕಾದದ್ದು ನಮಗೆ ಒಂದು 'ಅಂತೆ'ಯಲ್ಲಿ ಮುಗಿಯುತ್ತದೆ.

ಸಾಕಿನಾಕಾದ ನಮ್ಮ ಕಚೇರಿಯಲ್ಲಿ ಮೊದಲ ನಾಲ್ಕು ವರ್ಷ ನಾನು ಆಪರೇಷನ್ಸ್‌ನಲ್ಲಿದ್ದೆ. ಅಲ್ಲಿ ಎಲ್ಲವೂ ಅಂತೆ. ಗಾಡಿ ಕಳಂಬೋಲಿ ದಾಟಿದೆಯಂತೆ, ನ್ಹಾವಾ ಶೇವಾದಲ್ಲಿ ಗೇಟು ಆರಕ್ಕೇ ಮುಚ್ಚುತ್ತಂತೆ, ಹಡಗು ಒಂದು ದಿನ ತಡವಂತೆ. ಆಮೇಲೆ ಸೇಲ್ಸ್‌ಗೆ ಬಂದೆ. ಸಂಬಳ ಹೆಚ್ಚಾಯಿತು, 'ಅಂತೆ' ಬಿಟ್ಟುಹೋಯಿತು. ಗಿರಾಕಿ 'ಹೋಗುತ್ತಾ?' ಎಂದರೆ 'ಹೋಗುತ್ತೆ' ಎನ್ನಬೇಕು. 'ಹೋಗುತ್ತಂತೆ' ಎಂದವನ ಬುಕಿಂಗ್ ಪಕ್ಕದ ಕಟ್ಟಡದಲ್ಲಿ 'ಹೋಗುತ್ತೆ' ಎಂದವನ ಪಾಲಾಗುತ್ತದೆ.

2024ರ ಆರಂಭ. ಹಿಂದಿನ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿ ಶುರುವಾಗಿ, ಸುಯೆಜ್ ಮೂಲಕ ಯುರೋಪಿಗೆ ಹೋಗುತ್ತಿದ್ದ ದೊಡ್ಡ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಹೋಗತೊಡಗಿದ್ದವು. ವೇಳಾಪಟ್ಟಿಗಳೆಲ್ಲ ಕಲಸುಮೇಲೋಗರ. ಹಡಗಿನಲ್ಲಿ ಜಾಗವೇ ಸಿಗುತ್ತಿರಲಿಲ್ಲ.

ನನ್ನ ಗಿರಾಕಿಗಳಲ್ಲಿ ಸೊಲ್ಲಾಪುರದ ಟವೆಲ್ ಕಾರ್ಖಾನೆಯ ಹಿರಿಯರೊಬ್ಬರಿದ್ದಾರೆ, ಮನೆಮಾತು ಕನ್ನಡ. ಮೊದಲ ಫೋನು ಮರಾಠಿಯಲ್ಲೇ ಶುರುವಾಗಿತ್ತು. ನನ್ನ ಉಚ್ಚಾರ ಕೇಳಿ 'ಕನ್ನಡದವರೇನ್ರಿ?' ಎಂದರು, ಆಮೇಲೆ ನಾವು ಮರಾಠಿಗೆ ಮರಳಲಿಲ್ಲ. ನಾನು ಕಾಕಾ ಅನ್ನುತ್ತೇನೆ, ಅವರು ತಮ್ಮಾ ಅನ್ನುತ್ತಾರೆ.

ಅವರ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಸರಕು ಹಡಗೇರಲು ಕೊನೆಯ ದಿನ ನಮೂದಾಗಿತ್ತು. ಅದು ದಾಟಿದರೆ ಬ್ಯಾಂಕು ದುಡ್ಡು ಕೊಡಬೇಕಾಗಿಲ್ಲ. 'ಈ ಹಡಗಿಗೆ ಹೋಗ್ತದೇನು ತಮ್ಮಾ?' ಎಂದು ಕೇಳಿದರು. ಜಾಗ ಇದೆ, ಆದರೆ ಮಿತಿಮೀರಿ ಬುಕ್ ಆಗಿದೆ, ನೋಡೋಣ ಎಂದು ಹಡಗು ಕಂಪನಿಯ ಹುಡುಗ ಅದೇ ಬೆಳಿಗ್ಗೆ ನನಗೆ ಹೇಳಿದ್ದ. 'ಹೋಗುತ್ತೆ ಕಾಕಾ' ಎಂದೆ.

ಕಂಟೇನರು ಸುಮಾರು 400 ಕಿ.ಮೀ. ಬಂದು, ವೇಳೆಗೆ ಸರಿಯಾಗಿ ಬಂದರಿನೊಳಗೆ ನಿಂತಿತು. ಹಡಗು ಅದನ್ನು ಬಿಟ್ಟು ಹೊರಟಿತು. ಮುಂದಿನ ಹಡಗು ಕೊನೆಯ ದಿನಕ್ಕಿಂತ ನಾಲ್ಕು ದಿನ ಆಚೆಗೆ.

ಆಗ ಅವರು ಇನ್ನೊಂದು ಮಾತು ಕೇಳಿದರು. ಬಿಲ್ ಆಫ್ ಲೇಡಿಂಗ್ ಹೊರಡುವುದು ನಮ್ಮ ಕಚೇರಿಯಿಂದಲೇ. ತಾರೀಖು ನಾಲ್ಕು ದಿನ ಹಿಂದಕ್ಕೆ ಹಾಕಿದರೆ ಆಯಿತಲ್ಲ? ಈ ಧಂದೆಯಲ್ಲಿ ಕೇಳದ ಬೇಡಿಕೆಯೇನಲ್ಲ ಇದು, ಮುಚ್ಚಳಿಕೆ ಬರೆದುಕೊಟ್ಟು ಕೇಳುವವರೂ ಇದ್ದಾರೆ. ಆಗುವುದಿಲ್ಲ ಎಂದೆ. ಬ್ಯಾಂಕು ಟವೆಲ್ ನೋಡುವುದಿಲ್ಲ, ಕಾಗದ ನೋಡುತ್ತದೆ; 2007ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿ ಹೇಳುವುದೂ ಅದನ್ನೇ. ಕಾಗದವನ್ನೇ ನಂಬಿ ದುಡ್ಡು ಕೊಡುವವನ ಮುಂದೆ ಸುಳ್ಳು ತಾರೀಖು ಇಡುವುದು ಮೋಸ ಎಂದು ವಿವರಿಸಿದೆ. ಬಹಳ ಚೆನ್ನಾಗಿಯೇ ವಿವರಿಸಿದೆ ಅನಿಸುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬ್ಯಾಂಕು ನಿನ್ನ ಕಾಗದ ನಂಬ್ತದ, ಅದಕ್ಕ ಅದರ ಮುಂದ ಸುಳ್ಳು ಹೇಳಂಗಿಲ್ಲ. ನಾ ನಿನ್ನ ಬಾಯಿ ನಂಬಿದ್ದೆ' ಎಂದರು.

ಅಂದು ಡೊಂಬಿವಲಿಯ ಲೋಕಲ್‌ನಲ್ಲಿ ನಿಂತುಕೊಂಡು ನನ್ನ ಪರವಾಗಿ ಸಾಕಷ್ಟು ವಾದ ಮಾಡಿಕೊಂಡೆ. ಹೋಗುವ ಸಂಭವ ಇತ್ತಲ್ಲ, ಹಾಗಾದರೆ ಸುಳ್ಳು ಹೇಗಾಯಿತು? ಸೇಲ್ಸ್‌ನವನ 'ಹೋಗುತ್ತೆ'ಯನ್ನು ಹೇಗೆ ತೂಗಬೇಕೆಂದು ಮೂವತ್ತು ವರ್ಷ ವ್ಯಾಪಾರ ಮಾಡಿದವರಿಗೆ ತಿಳಿಯದೆ? ತಿಳಿದಿತ್ತು. ಬೇರೆ ಯಾರಾದರೂ ಹಿಂದಿಯಲ್ಲಿ ಹೇಳಿದ್ದರೆ ಅರ್ಧ ಕಳೆದು ತೂಗುತ್ತಿದ್ದರು. ಕನ್ನಡದಲ್ಲಿ ಹೇಳಿದ್ದಕ್ಕೆ ಪೂರ್ತಿ ತೆಗೆದುಕೊಂಡರು. ಸೊಲ್ಲಾಪುರದ ಗಿರಾಕಿಗಳನ್ನು ಮ್ಯಾನೇಜರ್ ನನಗೇ ಕೊಟ್ಟದ್ದು ಏಕೆಂದು ನನಗೂ ಗೊತ್ತು. ಊರು ಬಿಟ್ಟವರು ಭಾಷೆ ಉಳಿಸಿಕೊಳ್ಳುವ ಬಗ್ಗೆ ನಾವು ಇಷ್ಟೊಂದು ಬರೆಯುತ್ತೇವೆ. ನಾನಂತೂ ಅದನ್ನು ದರಪಟ್ಟಿಯ ಜೊತೆ ಒಯ್ಯುತ್ತಿದ್ದೆ.

ಹಡಗು ಬಿಟ್ಟುಹೋದದ್ದು ನನ್ನ ತಪ್ಪಲ್ಲ, ಆ ಬಗ್ಗೆ ಈಗಲೂ ಅನುಮಾನವಿಲ್ಲ. ಆದರೆ ಆ ಬೆಳಿಗ್ಗೆ 'ಹೋಗುತ್ತಂತೆ, ಖಾತ್ರಿಯಿಲ್ಲ' ಎಂದಿದ್ದರೆ ಅವರು ಕೂಡಲೇ ಖರೀದಿದಾರನನ್ನು ಕೇಳಿ ಕೊನೆಯ ದಿನವನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದಿತ್ತು. ಅಥವಾ ಅಪಾಯ ಗೊತ್ತಿದ್ದೇ ಕಳಿಸಬಹುದಿತ್ತು. ಅದು ಅವರು ಮಾಡಬೇಕಾದ ತೀರ್ಮಾನ. ನನ್ನ ಅನುಮಾನವನ್ನು ನನ್ನ ಬಳಿಯೇ ಇಟ್ಟುಕೊಂಡು, ಅದರ ಖರ್ಚನ್ನು ಮಾತ್ರ ಅವರಿಗೆ ಕಳಿಸಿದ್ದೆ.

ಹಾಗೆಂದು ಆಪರೇಷನ್ಸ್‌ನಲ್ಲಿದ್ದಾಗ ನಾನು ಸತ್ಯವಂತನಾಗಿದ್ದೆ ಎಂದೂ ಅಲ್ಲ. ಎಲ್ಲದಕ್ಕೂ ಅಂತೆ ಸೇರಿಸುವವನನ್ನು ಯಾರೂ ಯಾವುದಕ್ಕೂ ಹಿಡಿಯಲಾಗದು. ಅದೊಂದು ಒಳ್ಳೆಯ ಕೊಡೆ.

ಖರೀದಿದಾರ ಬೆಲೆ ಇಳಿಸಿಕೊಂಡು ಸರಕು ಬಿಡಿಸಿಕೊಂಡ. ಎಷ್ಟು ಇಳಿಸಿದ ಎಂದು ಕಾಕಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳ ನಂತರ ಮತ್ತೆ ಫೋನು ಬಂತು. 'ಹೋಗ್ತದೇನು?'

'ಹೋಗುತ್ತಂತೆ ಕಾಕಾ.'

'ಹಂಗಂತ ಅಂದವರು ಯಾರು? ಏನಂದಾರ ತೋರಿಸು.'

ಹಡಗು ಕಂಪನಿಯಿಂದ ಬಂದ ಮೇಲನ್ನು ಹಾಗೇ ಕಳಿಸಿದೆ. ಹಾಗೇ ಎಂದರೆ, ದರದ ಸಾಲನ್ನು ಅಳಿಸಿ.