ಅರ್ಧ ಸಾಲು ಅವನದು, ಅರ್ಧ ಇವನದು

ಹದಿನೆಂಟು ವರ್ಷ ಹೊಸ ಆಲ್ಬಂ ತರದಿದ್ದ ತಂಡ ಮತ್ತೆ ಹಾಡಿದರೆ ಕೇಳುಗರ ಕೈ ಮೊದಲು ಹೋಗುವುದು ತಕ್ಕಡಿಗೇ. 1998ರಲ್ಲಿ ಚದುರಿಹೋದ ನ್ಯೂಯಾರ್ಕಿನ ಹಿಪ್‌ಹಾಪ್ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, 2016ರ ನವೆಂಬರ್ 11ರಂದು ‘ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯೂ ಫಾರ್ ಯುವರ್ ಸರ್ವಿಸ್’ ಆಲ್ಬಂ ಹೊರತಂದಾಗಲೂ ಹಾಗೇ ಆಯಿತು. ಎದುರು ತಟ್ಟೆಯಲ್ಲಿ ಕೂತಿದ್ದದ್ದು ಅವರದೇ 1991ರ ‘ದಿ ಲೋ ಎಂಡ್ ಥಿಯರಿ’. ಜಾಝ್ ದಿಗ್ಗಜ ರಾನ್ ಕಾರ್ಟರ್ ಬಂದು ಡಬಲ್ ಬೇಸ್ ನುಡಿಸಿದ ಆಲ್ಬಂ ಅದು. ಡ್ರಮ್ಮು, ಬೇಸು, ಮಾತು. ಅದಕ್ಕಿಂತ ಹೆಚ್ಚು ಬೇಕೆನಿಸದ ಹರೆಯದ ಧೈರ್ಯ.

ಹೊಸದರಲ್ಲಿ ಆ ಮಿತವಿಲ್ಲ. ಬಸ್ಟಾ ರೈಮ್ಸ್, ಕೆಂಡ್ರಿಕ್ ಲಮಾರ್, ಆಂಡ್ರೆ 3000, ಜ್ಯಾಕ್ ವೈಟ್, ಕೊನೆಗೆ ಎಲ್ಟನ್ ಜಾನ್ ಕೂಡ! ಇಷ್ಟು ಜನ ಸೇರಿದ ಮೇಲೂ ಅದು ಸಂತೆಯಾಗದೆ ಉಳಿದದ್ದು ತಂಡದ ಕ್ಯೂ-ಟಿಪ್‌ನ ಹಟದಿಂದ. ಇಂಟರ್‌ನೆಟ್‌ನಲ್ಲಿ ದನಿ ಕಳಿಸಿದರೆ ಸಾಲದು, ನ್ಯೂಜೆರ್ಸಿಯ ನನ್ನ ಮನೆಯ ಸ್ಟುಡಿಯೋಗೇ ಬರಬೇಕು ಎಂದು ಪಟ್ಟು ಹಿಡಿದಿದ್ದನಂತೆ. ಕ್ಯಾಲಿಫೋರ್ನಿಯಾದಲ್ಲಿದ್ದ, ಅದೇ ತಂಡದ ಫೈಫ್ ಡಾಗ್ ಕೂಡ ಅಲ್ಲಿಗೆ ಹಾರಿ ಬರುತ್ತಿದ್ದ. ಕ್ವೀನ್ಸ್‌ನಲ್ಲಿ ಒಟ್ಟಿಗೆ ಬೆಳೆದ ಈ ಇಬ್ಬರ ಮನಸ್ತಾಪ ತಂಡದ ಬಗೆಗಿನ 2011ರ ಸಾಕ್ಷ್ಯಚಿತ್ರದಲ್ಲೇ ಊರಿಗೆಲ್ಲ ಗೊತ್ತಾಗಿತ್ತು. 2015ರ ನವೆಂಬರಿನಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆಂದು ವೇದಿಕೆ ಹಂಚಿಕೊಂಡರು. ಮಂಜು ಅಲ್ಲಿ ಕರಗಿತು.

ಹೊಸ ಆಲ್ಬಂನ ‘ಡಿಸ್ ಜನರೇಷನ್’ ಹಾಡಿಗೆ ಕಿವಿಗೊಟ್ಟು ನೋಡಿ. ಒಬ್ಬ ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಇನ್ನೊಬ್ಬನ ದನಿ ಬಂದು ನಿಂತಿರುತ್ತದೆ. ಸಾಲು ಯಾರದು, ಮುಗಿಸಿದವರು ಯಾರು? ಲೆಕ್ಕ ಇಡಲು ಹೋದರೆ ತಾಳ ತಪ್ಪುವುದು ನಮ್ಮದೇ. ಹೀಗೆ ಹಂಚಿಕೊಂಡು ಆಡುವುದಕ್ಕೆ ಎದುರಿಗಿರುವವನ ಮುಖ ಕಾಣಬೇಕು.

ಆ ಮುಖಗಳಲ್ಲೊಂದು ಆಲ್ಬಂ ಮುಗಿಯುವವರೆಗೆ ಉಳಿಯಲಿಲ್ಲ. 2016ರ ಮಾರ್ಚ್ 22ರಂದು, ವರ್ಷಾನುಗಟ್ಟಲೆ ಕಾಡಿದ ಸಕ್ಕರೆ ಕಾಯಿಲೆಯಿಂದ, 45ನೇ ವಯಸ್ಸಿನಲ್ಲಿ ಫೈಫ್ ತೀರಿಕೊಂಡ. ಐದಡಿ ಮೂರಿಂಚಿನ ಆಸಾಮಿ. ತನ್ನ ಕುಳ್ಳುತನವನ್ನೇ ಬಿರುದು ಮಾಡಿಕೊಂಡು ಮೆರೆದವನು. ಧ್ವನಿಮುದ್ರಣದ ಕಾಲದಲ್ಲಿ ಸತ್ತವರ ದನಿ ಕೇಳುವುದು ಹೊಸತೇನಲ್ಲ, ನಮ್ಮ ರೇಡಿಯೋ ಬದುಕಿರುವುದೇ ಅದರಿಂದ. ಆದರೆ ಇಲ್ಲಿ ಆ ದನಿ ಒಂಟಿಯಾಗಿಲ್ಲ. ಗೆಳೆಯರನ್ನು ಛೇಡಿಸುತ್ತದೆ, ಮಾತಿನ ನಡುವೆ ನುಗ್ಗುತ್ತದೆ, ತನ್ನ ಸರದಿಗೆ ಅರೆಕ್ಷಣ ಮೊದಲೇ ತಯಾರಾಗಿರುತ್ತದೆ. ಹೋದವನು ಹೀಗೆ ಸರದಿ ತಪ್ಪದೆ ಬರುವುದು ಹೇಗೆ? ಕಾರಣ ಗೊತ್ತಿದ್ದೂ ಬೆರಗು ಇಳಿಯುವುದಿಲ್ಲ.

ಆಲ್ಬಂ ಬಂದ ಮರುದಿನ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದ ವೇದಿಕೆಯಲ್ಲಿ ಫೈಫ್‌ನ ಸಾಲುಗಳ ಹೊತ್ತಿಗೆ ಅವನ ದೊಡ್ಡ ಚಿತ್ರವಿದ್ದ ಪರದೆ ಬಿಚ್ಚಿಕೊಂಡಿತು. ಬೇರೆ ಯಾರೂ ಅವನ ಭಾಗವನ್ನು ಹಾಡಲಿಲ್ಲ, ಮುದ್ರಿತ ದನಿಯೇ ಹಾಡಿತು. ಆಲ್ಬಂನ ಕೊನೆಯ ಹಾಡಿನ ಹೆಸರು ‘ದಿ ಡೊನಾಲ್ಡ್’. ಟ್ರಂಪ್ ಗೆದ್ದ ವಾರ ಅದು, ಕೇಳಿದವರು ಏನಂದುಕೊಂಡರೋ. ಒಳಗಿರುವುದು ಫೈಫ್‌ನ ಗುಣಗಾನ.

ಹಳೆಯ ಕೀರ್ತಿಗೆ ತಕ್ಕುದೇ ಇದು? ದ್ವಿತೀಯಾರ್ಧ ತುಸು ಸಡಿಲ, ಒಂದೆರಡು ಹಾಡು ಕಡಿಮೆಯಾಗಿದ್ದರೆ ನಷ್ಟವಿರಲಿಲ್ಲ. ಆದರೂ ಫೈಫ್ ಬಾಯಿ ತೆರೆದಾಗಲೆಲ್ಲ ನನಗೆ ಆ ಪ್ರಶ್ನೆ ಮರೆತುಹೋಗುತ್ತದೆ. ಜ್ಯಾಕ್ ವೈಟ್‌ನ ಗಿಟಾರು ಬಂದಾಗ ಮತ್ತೆ ನೆನಪಾಗುತ್ತದೆ.