ತಂದೆಯ ಹೆಸರನ್ನು ಬಿಟ್ಟವರು

ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಗೇಲಿಕ್ ಭಾಷೆಯಲ್ಲಿ 'ಕ್ಲಾನ್' ಎಂದರೆ ಮಕ್ಕಳು, 'ಮ್ಯಾಕ್' ಎಂದರೆ ಮಗ. ಮ್ಯಾಕ್‌ಗ್ರೆಗರ್ ಎಂದರೆ ಗ್ರೆಗರನ ಮಗ. ಆದರೆ ಒಂದು ಕ್ಲಾನಿನವರೆಲ್ಲ ಒಬ್ಬನೇ ಅಜ್ಜನ ಮೊಮ್ಮಕ್ಕಳಾಗಿರಲಿಲ್ಲ. ನಾಯಕನ ಭೂಮಿಯಲ್ಲಿ ಒಕ್ಕಲಾದವರು, ರಕ್ಷಣೆ ಬೇಡಿ ಬಂದ ಸಣ್ಣ ಕುಟುಂಬಗಳು ಅವನ ಹೆಸರನ್ನೇ ಇಟ್ಟುಕೊಂಡದ್ದುಂಟು. ತಮ್ಮ ಹೆಸರನ್ನು ಉಳಿಸಿಕೊಂಡೇ ಅವನ ಕ್ಲಾನಿಗೆ ಸೇರಿದ್ದೂ ಉಂಟು. ಒಂದೊಂದು ಕ್ಲಾನಿನ ಕೆಳಗೆ ಹತ್ತಾರು ಅಡ್ಡಹೆಸರುಗಳು ಕಾಣುವುದಕ್ಕೆ ಇದೊಂದು ಕಾರಣ. (ಕಾಗುಣಿತದ ಕಥೆ ಬೇರೆ. 'ಮ್ಯಾಕ್' ಎಂಬುದನ್ನು ಚುಟುಕಾಗಿ ಬರೆದದ್ದನ್ನೇ ಬೇರೆ ವಂಶವೆಂದು ನಂಬುವವರು ಈಗಲೂ ಇದ್ದಾರೆ.)

ಮನಸ್ಸನ್ನು ಚುಚ್ಚುವುದು ಮ್ಯಾಕ್‌ಗ್ರೆಗರರ ಪ್ರಕರಣ. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಅವರು ಕಹೂನ್ ಕ್ಲಾನಿನ ಬಹಳ ಮಂದಿಯನ್ನು ಕೊಂದರು. ಏಪ್ರಿಲಿನಲ್ಲಿ ದೊರೆ ಆರನೆಯ ಜೇಮ್ಸನ ಸರಕಾರ ಆ ಹೆಸರನ್ನೇ ನಿಷೇಧಿಸಿತು. ಹೆಸರು ಬಿಡದಿದ್ದರೆ ಮರಣದಂಡನೆ. ಕೊಂದವನನ್ನು ಶಿಕ್ಷಿಸುವುದು ಸರಿ. ತೊಟ್ಟಿಲ ಮಗುವಿನ ಹೆಸರು ಮಾಡಿದ ತಪ್ಪೇನು? ಅವರು ಡ್ರಮಂಡರಾದರು, ಮರ್ರೆಗಳಾದರು, ಗ್ರಹಾಮರಾದರು. ಕೆಲವರು ತಮ್ಮನ್ನು ಬೇಟೆಯಾಡಿದ ಕ್ಯಾಂಪ್‌ಬೆಲ್ಲರ ಹೆಸರನ್ನೇ ಹೊತ್ತರು! ಪ್ರಸಿದ್ಧ ರಾಬ್ ರಾಯ್ ಕೂಡ ಬಳಸಿದ್ದು ತನ್ನ ತಾಯಿಯ ಮನೆತನದ ಕ್ಯಾಂಪ್‌ಬೆಲ್ ಹೆಸರನ್ನು. ನಿಷೇಧ 1661ರಲ್ಲಿ ತೆರವಾಯಿತು, 1693ರಲ್ಲಿ ಮರಳಿತು, 1774ರಲ್ಲಿ ಕೊನೆಗೂ ಹೋಯಿತು.

ತಂದೆಯ ಹೆಸರನ್ನು ಬಿಡುವುದು ಸುಳ್ಳಲ್ಲವೇ? ನಮಗೆ ಇದು ಹಗುರವಾದ ಪ್ರಶ್ನೆಯಲ್ಲ. ಪ್ರವಾದಿ ಮುಹಮ್ಮದರು(ಸ) ಸಾಕಿದ ಝೈದರನ್ನು ಜನರು 'ಮುಹಮ್ಮದರ ಮಗ' ಎಂದೇ ಕರೆಯುತ್ತಿದ್ದರು. ಕುರ್‌ಆನ್ ಅದನ್ನು ತಡೆಯಿತು. ಝೈದ್ ಮತ್ತೆ ಹಾರಿಸರ ಮಗನೆನಿಸಿದರು. ಅಷ್ಟು ಪ್ರೀತಿಯ ಹೆಸರನ್ನೂ ನಿಜಕ್ಕಾಗಿ ಬಿಡಬೇಕಾಯಿತು. ಆದರೆ ಅದೇ ಸೂಕ್ತವು ತಂದೆ ಯಾರೆಂದು ತಿಳಿಯದವರನ್ನು ಧರ್ಮಸೋದರರೆಂದು ಅಪ್ಪಿಕೊಳ್ಳುತ್ತದೆ, ಮತ್ತು ಮನಸ್ಸು ಬಯಸಿ ಮಾಡಿದ್ದಕ್ಕೇ ಲೆಕ್ಕ ಕೇಳುತ್ತದೆ. ನೇಣಿನ ಕೆಳಗೆ ನಿಂತವನು ಹೇಳಿದ ಸುಳ್ಳನ್ನು ನಾನಂತೂ ಕಾನೂನು ಬರೆದವನ ಲೆಕ್ಕಕ್ಕೇ ಸೇರಿಸುತ್ತೇನೆ.

ಕಷ್ಟದ ಪ್ರಶ್ನೆ 1774ರ ನಂತರದ್ದು. ಈಗ ಭಯವಿಲ್ಲ. ಎಂಟುನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ಜಾನ್ ಮರ್ರೆ ಎಂಬವನನ್ನು ನಾಯಕನೆಂದು ಒಪ್ಪಿಕೊಂಡರು. ಆದರೂ ಅವನ ಮನೆತನ ಮ್ಯಾಕ್‌ಗ್ರೆಗರ್ ಹೆಸರಿಗೆ ಅಧಿಕೃತವಾಗಿ ಮರಳಿದ್ದು 1822ರಲ್ಲಿ. ಎಷ್ಟೋ ಶಾಖೆಗಳು ಮರಳಲೇ ಇಲ್ಲ. ಹಾಗಾದರೆ ದೊರೆಯ ಇಚ್ಛೆಯನ್ನು ಇವರೇ ಪೂರೈಸಿದಂತಾಗಲಿಲ್ಲವೇ ಎಂದು ಕೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಆದರೆ ಅಜ್ಜ, ಮುತ್ತಜ್ಜ ಡ್ರಮಂಡ್ ಎಂಬ ಹೆಸರಿನಲ್ಲೇ ಮಣ್ಣಾದ ಮನೆಯಲ್ಲಿ ಹುಟ್ಟಿದವನಿಗೆ, ಅಪ್ಪನ ಹೆಸರೇನೆಂದು ಯಾರಾದರೂ ಕೇಳಿದರೆ, ಬಾಯಿಗೆ ಬರುವುದು ಡ್ರಮಂಡ್ ಎಂದೇ.