ದೃಷ್ಟವೂ ಅದೃಷ್ಟವೂ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ಪಟ್ಟಣದ ತಂತಿ ಕಚೇರಿಯ ಮುಖ್ಯಸ್ಥನು ತನ್ನ ಮಿತ್ರನೊಡನೆ ಡ್ರಾಫ್ಟ್ಸ್ ಆಡುತ್ತ ಕುಳಿತಿದ್ದಾಗ, ಮಣೆಯ ಮೇಲೆ ಕಾಯಿ ನಡೆಸುವ ನಡುವೆ, ತಂತಿಗಳನ್ನು ಊರೊಳಗೆ ತಲುಪಿಸಲು ಒಬ್ಬ ಒಳ್ಳೆಯ ಹುಡುಗನು ದೊರಕಿಯಾನೆ ಎಂದು ವಿಚಾರಿಸಿದನು. ಸ್ಕಾಟ್ಲೆಂಡಿನಿಂದ 1848ರಲ್ಲಿ ವಲಸೆ ಬಂದು ನದಿಯಾಚೆಯ ಆಲೆಘನಿಯಲ್ಲಿ ನೆಲೆಸಿದ್ದ ಬಡ ನೇಕಾರನೊಬ್ಬನ ಕುಟುಂಬವು ಆ ಮಿತ್ರನಿಗೆ ನಂಟಾಗಿತ್ತು. ಆ ಮನೆಯ ಹದಿನಾಲ್ಕು ವರ್ಷದ ಹುಡುಗನ ಹೆಸರು ಅವನ ನಾಲಗೆಗೆ ಬಂದಿತು. ಹಾಗೆ ಕೆಲಸಕ್ಕೆ ಸೇರಿದ ಬಾಲಕನು ಆಂಡ್ರೂ ಕಾರ್ನೆಗಿ. ಅರ್ಧ ಶತಮಾನದ ಬಳಿಕ, 1901ರಲ್ಲಿ, ಆತನ ಉಕ್ಕಿನ ಉದ್ಯಮವು 48 ಕೋಟಿ ಡಾಲರುಗಳಿಗೆ ಮಾರಾಟವಾದಾಗ, ಅವನು ಜಗತ್ತಿನ ಅತ್ಯಂತ ಧನಿಕರ ಸಾಲಿನಲ್ಲಿ ನಿಂತಿದ್ದನು.

ಆ ಹುಡುಗನ ಪುರುಷಪ್ರಯತ್ನವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಹತ್ತಿಯ ಗಿರಣಿಯಲ್ಲಿ ನೂಲಿನ ಉರುಳೆಗಳನ್ನು ಬದಲಿಸುತ್ತ, ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟು ಗಳಿಸುತ್ತಿದ್ದವನು, ತಂತಿಯ ಆಳಾದೊಡನೆ ಪಟ್ಟಣದ ವ್ಯಾಪಾರಸಂಸ್ಥೆಗಳ ಹೆಸರುಗಳನ್ನೆಲ್ಲ ಬೀದಿಯ ಕ್ರಮದಲ್ಲಿ ಕಂಠಪಾಠ ಮಾಡಿದನು. ಯಂತ್ರದ ಟಕಟಕ ಶಬ್ದವನ್ನು ಕಿವಿಯಿಂದಲೇ ಗ್ರಹಿಸಿ ಸಂದೇಶವನ್ನು ಓದುವ ವಿದ್ಯೆಯನ್ನು ಬೆಳಗಿನ ಬಿಡುವಿನಲ್ಲಿ ಸಾಧಿಸಿದನು. ಆದರೆ ಆ ಕುಶಲತೆಯು ಪೆನ್ಸಿಲ್ವೇನಿಯಾ ರೈಲ್ವೆಯ ಅಧಿಕಾರಿ ಥಾಮಸ್ ಸ್ಕಾಟನ ಕಣ್ಣಿಗೆ ಬಿದ್ದದ್ದು, ಸ್ಕಾಟನು ಅವನನ್ನು ತನ್ನ ಬಳಿಗೆ ಕರೆದುಕೊಂಡು ಷೇರುಗಳನ್ನು ಕೊಳ್ಳುವ ದಾರಿಯನ್ನು ತೋರಿಸಿದ್ದು, ಅದೇ ದಶಕಗಳಲ್ಲಿ ಒಂದು ಮಹಾಖಂಡವು ತನ್ನ ಮೈಮೇಲೆಲ್ಲ ಕಬ್ಬಿಣದ ಹಳಿಗಳನ್ನು ಹಾಸಿಕೊಳ್ಳತೊಡಗಿದ್ದು, ಇವು ಅವನ ಸೃಷ್ಟಿಯಲ್ಲ. ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಅವನ ತಂದೆಯ ಸಂಗತಿ. ಡನ್‌ಫರ್ಮ್‌ಲಿನ್ ಊರಿನಲ್ಲಿ ಕೈಮಗ್ಗದ ಮುಂದೆ ಕುಳಿತು ನೇಯುತ್ತಿದ್ದ ಆ ಮನುಷ್ಯನು ಸೋಮಾರಿಯಾಗಿರಲಿಲ್ಲ. ಉಗಿಯ ಮಗ್ಗವು ಬಂದು ಅವನ ಕೈಗಳ ಬೆಲೆಯನ್ನು ಕಳೆಯಿತು, ಅಷ್ಟೆ. ಒಂದೇ ಮನೆಯಲ್ಲಿ, ಒಂದೇ ನಿಷ್ಠೆಯಿಂದ ದುಡಿದ ತಂದೆ ಮಗ ಇಬ್ಬರಲ್ಲಿ, ಒಬ್ಬನನ್ನು ಯಂತ್ರಯುಗವು ನೆಲಕ್ಕೆ ಕೆಡವಿತು, ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು ನಡೆಯಿತು.

ಅಮೆರಿಕದಲ್ಲಿ ಐಶ್ವರ್ಯವು ಪರಿಶ್ರಮದಿಂದ ಬರುತ್ತದೆಯೋ ಅದೃಷ್ಟದಿಂದ ಬರುತ್ತದೆಯೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅರ್ಥಶಾಸ್ತ್ರದ್ದಾಗಿ ಕಂಡರೂ, ಅದರ ಬೇರು ಧರ್ಮಜಿಜ್ಞಾಸೆಯಲ್ಲಿದೆ. ಏಕೆಂದರೆ ಅಲ್ಲಿ ಕೇಳಲಾಗುತ್ತಿರುವುದು ಧನವು ಹೇಗೆ ಬಂದಿತೆಂಬುದಷ್ಟೇ ಅಲ್ಲ, ಬಂದ ಧನಕ್ಕೆ ಬಂದವನು ಅರ್ಹನೇ, ಬಾರದವನು ಅನರ್ಹನೇ ಎಂಬುದು. ಆ ದೇಶವನ್ನು ಕಟ್ಟಿದವರ ಮತದಲ್ಲಿಯೇ ಈ ತೊಡಕು ಅಡಗಿತ್ತು. 1630ರಲ್ಲಿ ಮ್ಯಾಸಚೂಸೆಟ್ಸಿಗೆ ಹೊರಟ ಪ್ಯೂರಿಟನ್ ವಲಸೆಗಾರರ ನಾಯಕ ಜಾನ್ ವಿಂಥ್ರಪ್‌ನು ತನ್ನ ಪ್ರಸಿದ್ಧ ಉಪದೇಶವನ್ನು ಆರಂಭಿಸಿದ್ದು, ಧನಿಕರೂ ದರಿದ್ರರೂ ಇರುವುದು ಈಶ್ವರನ ವ್ಯವಸ್ಥೆಯೆಂಬ ಮಾತಿನಿಂದ. ಇಂದಿನ ನಮ್ಮ ಕಿವಿಗೆ ಇದು ಕಠೋರವಾಗಿ ಕೇಳಿಸುತ್ತದೆ. ಆದರೆ ಆತನ ತರ್ಕವು ಸಾಗುವ ದಿಕ್ಕನ್ನು ಗಮನಿಸಬೇಕು: ಯಾವನೊಬ್ಬನೂ ತನ್ನ ಸ್ವಂತ ಗುಣದಿಂದ ಸಿರಿವಂತನಾದವನಲ್ಲ, ಆದಕಾರಣ ಇದ್ದವನು ಇಲ್ಲದವನ ಭಾರವನ್ನು ಹೊರಲೇಬೇಕು, ಎಲ್ಲರೂ ಒಂದೇ ದೇಹದ ಅವಯವಗಳೆಂಬಂತೆ ಬಾಳಬೇಕು ಎಂಬುದು ಅವನ ಆಶಯ. ಅಲ್ಲಿ ಐಶ್ವರ್ಯವು ದೈವಾಧೀನವಾದುದರಿಂದಲೇ ಋಣವಾಗಿತ್ತು.

ಈ ವಿನಯವು ಬಹುಕಾಲ ಬಾಳಲಿಲ್ಲ. ಮೋಕ್ಷವು ಯಾವ ಸತ್ಕರ್ಮದಿಂದಲೂ ಸಂಪಾದ್ಯವಲ್ಲ, ಅದು ಅನಾದಿಯಲ್ಲಿಯೇ ನಿಶ್ಚಿತವಾದುದು ಎಂದು ಸಾರಿದ, ಆ ಪ್ಯೂರಿಟನ್ನರು ನಂಬಿದ್ದ ಕ್ಯಾಲ್ವಿನನ ಸಿದ್ಧಾಂತವು, ಪ್ರಯತ್ನವನ್ನು ನಿರರ್ಥಕಗೊಳಿಸುವುದಕ್ಕೆ ಬದಲಾಗಿ, ಲೋಕದಲ್ಲಿಯೇ ಅತ್ಯಂತ ದುಡಿಮೆಗಾರರಾದ ಜನರನ್ನು ಹೇಗೆ ನಿರ್ಮಿಸಿತು ಎಂಬ ಒಗಟನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಬಿಡಿಸಲೆತ್ನಿಸಿದನು. ತಾನು ಆಯ್ಕೆಯಾದವರಲ್ಲಿ ಒಬ್ಬನೋ ಅಲ್ಲವೋ ಎಂಬ ಕಳವಳದಿಂದ ನಿದ್ರೆಗೆಟ್ಟ ಜೀವನು, ತನ್ನ ವೃತ್ತಿಯ ಸಾಫಲ್ಯದಲ್ಲಿ ಈಶ್ವರಾನುಗ್ರಹದ ಗುರುತನ್ನು ಹುಡುಕತೊಡಗಿದನೆಂಬುದು ಅವನ ಊಹೆಯ ಸಾರ. ಕ್ರಮೇಣ ಗುರುತೇ ಕಾರಣವಾಯಿತು. ಅನುಗ್ರಹದ ಸೂಚನೆಯಾಗಿದ್ದ ಸಂಪತ್ತು ಸದ್ಗುಣದ ಪ್ರಮಾಣಪತ್ರವಾಯಿತು. ವೃತ್ತಿಯನ್ನೇ ಪೂಜೆಯೆಂದು ಕಂಡ ಶರಣರ ಕಾಯಕವು ಕನ್ನಡಿಗನಿಗೆ ಇಲ್ಲಿ ನೆನಪಾಗುವುದು ಸಹಜ. ಆದರೆ ಶರಣರು ಕಾಯಕದ ಬೆನ್ನಿಗೇ ದಾಸೋಹವನ್ನು ಕಟ್ಟಿದ್ದರು. ದಾಸೋಹದಿಂದ ಬಿಚ್ಚಿಕೊಂಡ ಕಾಯಕವು ಎತ್ತ ಸಾಗುತ್ತದೆಂಬುದಕ್ಕೆ ಅಮೆರಿಕದ ಚರಿತ್ರೆಯು ಒಂದು ದೊಡ್ಡ ಸಾಕ್ಷಿ.

ಆ ಸಾಗುವಿಕೆಯ ತುದಿಯಲ್ಲಿ ಫಿಲಡೆಲ್ಫಿಯಾದ ಬ್ಯಾಪ್ಟಿಸ್ಟ್ ಪಾದ್ರಿ ರಸೆಲ್ ಕಾನ್‌ವೆಲ್ ನಿಂತಿದ್ದಾನೆ. ‘ವಜ್ರಗಳ ಎಕರೆಗಳು’ ಎಂಬ ಒಂದೇ ಉಪನ್ಯಾಸವನ್ನು ಆತನು ಆರು ಸಾವಿರಕ್ಕೂ ಹೆಚ್ಚು ಸಲ ಮಾಡಿದನು. ಅದರ ಗಳಿಕೆಯಿಂದ ಬಡ ವಿದ್ಯಾರ್ಥಿಗಳನ್ನು ಓದಿಸಿದನು. ಟೆಂಪಲ್ ವಿಶ್ವವಿದ್ಯಾಲಯವನ್ನು ಬೆಳೆಸಿದನು. ಅವನ ಔದಾರ್ಯವು ನಿಸ್ಸಂದೇಹವಾದುದು. ಆದರೂ ಐಶ್ವರ್ಯವಂತನಾಗುವುದು ಕ್ರೈಸ್ತನ ಕರ್ತವ್ಯವೆಂದೂ, ಬಡವರಲ್ಲಿ ನಿಜವಾಗಿ ಅನುಕಂಪಕ್ಕೆ ಪಾತ್ರರಾದವರು ಅತ್ಯಲ್ಪರೆಂದೂ ಆತನು ಬೋಧಿಸಿದನು. ಆ ಉಪನ್ಯಾಸದ ಮೂಲಕಥೆಯನ್ನು ನೋಡಿರಿ: ಸಿಂಧೂನದಿಯ ಬಳಿಯ ಒಬ್ಬ ರೈತನು ವಜ್ರಗಳ ಆಸೆಯಿಂದ ತನ್ನ ಹೊಲವನ್ನು ಮಾರಿ ದೇಶದೇಶ ಅಲೆದು ಸಾಯುತ್ತಾನೆ, ಹೊಲವನ್ನು ಕೊಂಡವನು ಒಂಟೆಗೆ ನೀರು ಕುಡಿಸಲು ಹೋದಾಗ ತೊರೆಯಲ್ಲಿ ಮಿನುಗುವ ಕಲ್ಲನ್ನು ಕಾಣುತ್ತಾನೆ, ಅದೇ ಗೋಲ್ಕೊಂಡದ ಗಣಿಯಾಗುತ್ತದೆ. ನಿಂತ ನೆಲದಲ್ಲಿ ದುಡಿ ಎಂಬ ಉಪದೇಶಕ್ಕೆ ದೃಷ್ಟಾಂತವಾಗಿ ಹೇಳಿದ ಈ ಕಥೆಯಲ್ಲಿ, ದುಡಿದವನು ಯಾರು? ಪ್ರಯತ್ನಪಟ್ಟವನು ಸತ್ತನು, ನಿಧಿ ಸಿಕ್ಕಿದ್ದು ಒಂಟೆಗೆ ಬಾಯಾರಿಕೆಯಾದವನಿಗೆ.

ಹೊರೇಷಿಯೊ ಆಲ್ಜರ್ ಬರೆದ ಕಥೆಗಳ ರೀತಿಯೂ ಇದೇ. ಅಮೆರಿಕದ ಬಾಲಕರಿಗೆ ಪರಿಶ್ರಮದ ವೇದದಂತಿದ್ದ ಆ ಪುಸ್ತಕಗಳಲ್ಲಿ ಮೊದಲು ಹೆಸರಾದದ್ದು 1868ರ ‘ರ‍್ಯಾಗೆಡ್ ಡಿಕ್’. ಬೂಟಿಗೆ ಪಾಲಿಶ್ ಹಾಕುವ ಹುಡುಗನು ಅಕ್ಷರ ಕಲಿಯುತ್ತಾನೆ, ಹಣ ಉಳಿಸುತ್ತಾನೆ, ಸತ್ಯ ಬಿಡುವುದಿಲ್ಲ. ಆದರೆ ಅವನ ಬಾಳು ತಿರುಗುವುದು ಇದರಿಂದಲ್ಲ, ಹಡಗಿನಿಂದ ನೀರಿಗೆ ಬಿದ್ದ ಒಂದು ಮಗುವನ್ನು ಅವನು ಹಾರಿ ರಕ್ಷಿಸಿದ್ದರಿಂದ, ಮತ್ತು ಆ ಮಗುವಿನ ತಂದೆಯು ಶ್ರೀಮಂತನಾಗಿದ್ದುದರಿಂದ. ಆ ಮಗುವು ಕೂಲಿಯವನದಾಗಿದ್ದರೆ ಡಿಕ್‌ನ ಧೈರ್ಯವು ಅಷ್ಟೇ ಉಜ್ಜ್ವಲವಾಗಿರುತ್ತಿತ್ತು, ಅವನ ಸಂಬಳ ಮಾತ್ರ ಏರುತ್ತಿರಲಿಲ್ಲ. ಒಂದು ಜನಾಂಗವು ತನಗೆ ತಾನೇ ಹೇಳಿಕೊಂಡ ಕಥೆಗಳು ಅದರ ತತ್ತ್ವಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿರುತ್ತವೆಂದು ನನಗೆ ತೋರುತ್ತದೆ.

ಹಾಗಾದರೆ ಗೆದ್ದವನಿಗೆ ಇದು ಏಕೆ ಕಾಣದು? ಅದಕ್ಕೆ ಉತ್ತರವು ನಮ್ಮ ಭಾಷೆಯ ಪದದಲ್ಲಿಯೇ ಇದೆ. ಅದೃಷ್ಟವೆಂದರೆ ಕಾಣದಿರುವುದು. ಬೆಳಗಿನ ಜಾವದಲ್ಲಿ ಎದ್ದ ಆಯಾಸ, ರಾತ್ರಿಯ ಓದು, ನುಂಗಿಕೊಂಡ ಅವಮಾನ, ಇವು ಮನುಷ್ಯನ ಮೈಯಲ್ಲಿಯೇ ಬರೆದಿಟ್ಟ ಲೆಕ್ಕ, ಇವು ದೃಷ್ಟ. ತನ್ನನ್ನು ಕಾಡದ ರೋಗ, ತನ್ನ ಬೀದಿಯಲ್ಲಿದ್ದ ಶಾಲೆ, ಇನ್ನೊಬ್ಬನಿಗೆ ಮುಚ್ಚಿ ತನಗೆ ತೆರೆದಿದ್ದ ಬಾಗಿಲು, ಇವುಗಳ ನೋವಿಲ್ಲವಾದ್ದರಿಂದ ನೆನಪೂ ಇಲ್ಲ. ಎದುರುಗಾಳಿಯಲ್ಲಿ ನಡೆಯುವವನಿಗೆ ಗಾಳಿಯ ಅರಿವಿದ್ದಂತೆ ಬೆನ್ನಗಾಳಿಯಲ್ಲಿ ನಡೆಯುವವನಿಗೆ ಇರುವುದಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮದ ಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸಿ, ತನ್ನೊಬ್ಬನನ್ನೇ ಕರ್ತೃವೆಂದು ತಿಳಿದವನ ನೋಟದಲ್ಲಿಯೇ ದೋಷವಿದೆಯೆಂದು ಸೂಚಿಸುವುದು ಈ ಕಾರಣದಿಂದಲೇ ಇರಬೇಕು. ದೈವವೂ ಪೌರುಷವೂ ರಥದ ಎರಡು ಚಕ್ರಗಳೆಂಬ ಹಳೆಯ ದೃಷ್ಟಾಂತಕ್ಕಿಂತ ಈ ಎಣಿಕೆಯು ನನಗೆ ಹೆಚ್ಚು ಒಪ್ಪಿಗೆ. ಎರಡು ಚಕ್ರಗಳೆಂದೊಡನೆ ಅವು ಸಮಾನವೆಂಬ ಭ್ರಮೆ ಹುಟ್ಟುತ್ತದೆ, ನೆಲವನ್ನು ಎಣಿಸುವುದೇ ಮರೆತುಹೋಗುತ್ತದೆ.

ಆದರೆ ನಮ್ಮ ಸಂಪ್ರದಾಯವನ್ನು ಹೊಗಳಿ ಇಲ್ಲಿಗೆ ನಿಲ್ಲಿಸುವುದು ಸತ್ಯವಲ್ಲ. ಅದೃಷ್ಟವನ್ನು ಪೂರ್ವಕರ್ಮದ ಸಂಸ್ಕಾರವೆಂದು ವಿವರಿಸಿದ ನಮ್ಮ ಶಾಸ್ತ್ರಕಾರರು, ಕಾಣದುದನ್ನೂ ಕೊನೆಗೆ ಸ್ವಂತ ಗಳಿಕೆಯಾಗಿಯೇ ಮಾಡಿಬಿಟ್ಟರು. ಹಸಿದವನಿಗೆ ಇದು ನಿನ್ನ ಹಿಂದಿನ ಜನ್ಮದ ಫಲವೆಂದು ಹೇಳುವ ಬಾಯಿಗೂ, ಇದು ನಿನ್ನ ಕುಂದುಕೊರತೆಯ ಫಲವೆಂದು ಹೇಳುವ ಕಾನ್‌ವೆಲ್ಲನ ಬಾಯಿಗೂ ನಾನು ಹೆಚ್ಚಿನ ಅಂತರವನ್ನು ಕಾಣೆ. ಹೀಗೆ ಹೇಳಿಸಿಕೊಂಡು ಬದುಕಿದವರ ನೋವನ್ನು ನೆನೆದರೆ ಎದೆ ಭಾರವಾಗುತ್ತದೆ.

ಪರಿಶ್ರಮವೊಂದೇ ಐಶ್ವರ್ಯದ ಹೇತುವಾಗಿದ್ದ ಪಕ್ಷದಲ್ಲಿ, 1860ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿಯೂ ಮನೆಗಳಲ್ಲಿಯೂ ದುಡಿಯುತ್ತಿದ್ದ ಸುಮಾರು 40 ಲಕ್ಷ ದಾಸರು ಆ ದೇಶದ ಕುಬೇರರಾಗಬೇಕಾಗಿತ್ತು. 1892ರಲ್ಲಿ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದಿನಕ್ಕೆ ಹನ್ನೆರಡು ಗಂಟೆ ಬೆಂದ ಕಾರ್ಮಿಕರು, ಕೂಲಿಯ ಕಡಿತವನ್ನು ಪ್ರತಿಭಟಿಸಿ ನಿಂತಾಗ ಗುಂಡಿಗೆ ಗುರಿಯಾದರು; ಯಜಮಾನನು ಆ ಬೇಸಗೆಯಲ್ಲಿ ಸ್ಕಾಟ್ಲೆಂಡಿನಲ್ಲಿದ್ದನು. ನಮ್ಮ ಕಾಲದ ಅಂಕಿಗಳೂ ಬೇರೆ ಕಥೆಯನ್ನು ಹೇಳುವುದಿಲ್ಲ. ದೆಹಲಿಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿಯೂ ಅವರ ಸಹೋದ್ಯೋಗಿಗಳೂ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆದಾಯದ ಅತಿ ಕೆಳಗಿನ ಐದನೆಯ ಒಂದು ಭಾಗದಲ್ಲಿ ಹುಟ್ಟಿದ ಮಗುವು ಅತಿ ಮೇಲಿನ ಐದನೆಯ ಒಂದು ಭಾಗಕ್ಕೆ ಏರುವ ಸಂಭವವು ಶಾರ್ಲಟ್ ಪ್ರದೇಶದಲ್ಲಿ ಶೇಕಡಾ 4.4, ಸ್ಯಾನ್ ಹೋಸೆಯಲ್ಲಿ 12.9. ಅದೇ ತಂಡದ ಇನ್ನೊಂದು ಅಧ್ಯಯನವು, 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ತಂದೆತಾಯಿಗಳಿಗಿಂತ ಹೆಚ್ಚು ಸಂಪಾದಿಸಿದರೆಂದೂ, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಆ ಸಂಖ್ಯೆಯು ಐವತ್ತರ ಹತ್ತಿರಕ್ಕೆ ಇಳಿಯಿತೆಂದೂ ತೋರಿಸಿತು. ನಲವತ್ತು ವರ್ಷಗಳಲ್ಲಿ ಒಂದು ಜನಾಂಗದ ಉದ್ಯಮಶೀಲತೆಯು ಅರ್ಧಕ್ಕರ್ಧ ಬತ್ತಿಹೋಯಿತೆಂದು ಯಾರೂ ಹೇಳಲಾರರು.

ಆ ನೆಲದಲ್ಲಿ ಮನೆಮಾಡಿರುವ ನಮ್ಮ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. 1946ರ ಕಾನೂನು ಭಾರತದಿಂದ ವರ್ಷಕ್ಕೆ ಕೇವಲ ನೂರು ಮಂದಿಯ ವಲಸೆಗೆ ಆಸ್ಪದ ಕೊಟ್ಟಿತ್ತು. 1965ರ ಕಾನೂನು ಆ ಬಾಗಿಲನ್ನು ಅಗಲಿಸಿತು. ಅದಕ್ಕೆ ಮುಂಚೆ ಓದು ಮುಗಿಸಿದ ತಲೆಮಾರಿನವರ ಬುದ್ಧಿಯು ಕಡಿಮೆಯದಾಗಿರಲಿಲ್ಲ. ಈಚಿನ ಕಾಲದಲ್ಲಿ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯು 65,000, ಅಮೆರಿಕದಲ್ಲಿಯೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000; ಅಪೇಕ್ಷಿಸುವವರು ಇದನ್ನು ಮೀರಿದುದರಿಂದ ಅನೇಕ ವರ್ಷಗಳ ಕಾಲ ಚೀಟಿ ಎತ್ತಿಯೇ ನಿರ್ಧರಿಸಲಾಗುತ್ತಿತ್ತು. ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರಲ್ಲಿ, ಲಾಟರಿಯಲ್ಲಿ ಹೆಸರು ಬಂದವನು ಅಲ್ಲಿ ಉಳಿದು ಮನೆ ಕೊಂಡನು, ಬಾರದವನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹಿಂದಿರುಗಿದನು. ಇಪ್ಪತ್ತು ವರ್ಷ ಕಳೆದ ಮೇಲೆ ಉಳಿದವನು ತನ್ನ ಮಕ್ಕಳಿಗೆ ಹೇಳುವುದು ತಾನು ಪಟ್ಟ ಪಾಡನ್ನೇ. ಅದು ಸುಳ್ಳಲ್ಲ, ಆದರೆ ಆ ಚೀಟಿಯನ್ನೂ ಮಕ್ಕಳಿಗೆ ಹೇಳಬೇಡವೆ?

ಇದನ್ನೆಲ್ಲ ಒಪ್ಪಿದರೆ ಪ್ರಯತ್ನಕ್ಕೆ ಅರ್ಥವೇನು ಎಂಬ ಭಯವು ನನಗೂ ಉಂಟು. ಹದಿನೆಂಟು ವರ್ಷದ ತರುಣನ ಮುಂದೆ ನಿಂತು ಎಲ್ಲವೂ ವಿಧಿಯೆಂದು ಹೇಳುವುದು ಕ್ರೌರ್ಯವೇ ಸರಿ; ಗೀತೆಯು ಎಣಿಸಿದ ಐದು ಕಾರಣಗಳಲ್ಲಿ ಅವನ ಕೈಯಲ್ಲಿರುವುದು ಚೇಷ್ಟೆಯೊಂದೇ ಆದುದರಿಂದ ಅದನ್ನು ಪೂರ್ಣವಾಗಿ ನಡೆಸುವುದೇ ಅವನ ಧರ್ಮ. ತಪ್ಪು ಉಂಟಾಗುವುದು, ಫಲವು ಕೈಗೆ ಬಂದ ಮೇಲೆ ಅದೇ ಚೇಷ್ಟೆಯನ್ನು ಹಕ್ಕುಪತ್ರವನ್ನಾಗಿ ಮಾಡಿಕೊಂಡು, ಸೋತವನ ಮುಂದೆ ಅದನ್ನು ಓದಿ ಹೇಳುವಾಗ. ಈ ವಿಷಯದಲ್ಲಿ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್‌ನಷ್ಟು ಆಳಕ್ಕಿಳಿದವರು ವಿರಳ. 1971ರ ‘ನ್ಯಾಯದ ಸಿದ್ಧಾಂತ’ ಎಂಬ ಗ್ರಂಥದಲ್ಲಿ ಆತನು, ಹುಟ್ಟಿನಿಂದ ಬಂದ ಪ್ರತಿಭೆಗೂ ಕುಲಸಂಪತ್ತಿಗೂ ಯಾರೂ ಅರ್ಹತೆಯಿಂದ ಹಕ್ಕುದಾರರಲ್ಲವೆಂದು ಮಾತ್ರವಲ್ಲ, ದುಡಿಯುವ ಮನಸ್ಸು ಕೂಡ ಬೆಳೆದ ಮನೆಯ ಪುಣ್ಯದಿಂದ ಬಹುಮಟ್ಟಿಗೆ ಬರುವುದೆಂದು ವಾದಿಸಿದನು. ನ್ಯಾಯವಾಗಿ ಪಡೆದದ್ದನ್ನು ಪಡೆದವನೇ ಇಟ್ಟುಕೊಳ್ಳಬೇಕೆಂದು ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಕೊಟ್ಟ ಪ್ರತ್ಯುತ್ತರವು ಹರಿತವಾದುದೇ. ಆದರೆ ಅದು ಹಕ್ಕಿನ ಮಾತು, ಅರ್ಹತೆಯ ಮಾತಲ್ಲ.

ರಾಲ್ಸನ ಬಾಲ್ಯದ ಒಂದು ಘಟನೆಯನ್ನು ತಿಳಿದ ಮೇಲೆ ಆ ಗ್ರಂಥವನ್ನು ನಾನು ಹಿಂದಿನಂತೆ ಓದಲಾರದವನಾಗಿದ್ದೇನೆ. 1928ರಲ್ಲಿ, ಬಾಲ್ಟಿಮೋರಿನಲ್ಲಿ, ಏಳು ವರ್ಷದ ಅವನಿಗೆ ಡಿಫ್ತೀರಿಯಾ ತಗುಲಿತು. ಅಣ್ಣನ ಕೋಣೆಗೆ ಬಂದ ತಮ್ಮನಿಗೆ ಅದು ಅಂಟಿತು. ಅಣ್ಣ ಉಳಿದನು, ತಮ್ಮ ಸತ್ತನು. ಮರುವರ್ಷ ನ್ಯುಮೋನಿಯಾ ಬಂದು, ಅವನಿಂದಲೇ ಇನ್ನೊಬ್ಬ ತಮ್ಮನಿಗೆ ಹತ್ತಿ, ಆ ಮಗುವೂ ತೀರಿಕೊಂಡಿತು. ಬದುಕಿ ಉಳಿದುದಕ್ಕೆ ತನ್ನ ಯಾವ ಗುಣವು ಕಾರಣವೆಂದು ಆ ಹುಡುಗನು ಹೇಳಿಕೊಳ್ಳಬಹುದಾಗಿತ್ತು?

ಮತ್ತೆ ಕಾರ್ನೆಗಿಯ ಬಳಿಗೆ ಬರುತ್ತೇನೆ. ಆತನು ತಂತಿಯ ಆಳಾಗಿದ್ದ ದಿನಗಳಲ್ಲಿ, ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬಾತನು ಸುಮಾರು ನಾನೂರು ಪುಸ್ತಕಗಳ ತನ್ನ ಸಂಗ್ರಹವನ್ನು ಶನಿವಾರಗಳಂದು ದುಡಿಯುವ ಹುಡುಗರಿಗಾಗಿ ತೆರೆದಿಟ್ಟಿದ್ದನು. ಕೈಕಸುಬಿನವರಲ್ಲದ ಹುಡುಗರು ಎರಡು ಡಾಲರು ಚಂದಾ ಕೊಡಬೇಕೆಂಬ ನಿಯಮ ಬಂದಾಗ, ಹುಡುಗ ಕಾರ್ನೆಗಿಯು ಪತ್ರಿಕೆಗೆ ಕಾಗದ ಬರೆದು ಹಠ ಹಿಡಿದು ಆ ಬಾಗಿಲನ್ನು ತನಗೂ ತೆರೆಸಿಕೊಂಡನು. ಹಠವು ಅವನದು, ಪುಸ್ತಕಗಳು ಅವನವಲ್ಲ. 1889ರ ತನ್ನ ಲೇಖನದಲ್ಲಿ ಸ್ಪರ್ಧೆಯ ನಿಯಮವನ್ನು ಸಮರ್ಥಿಸಿದ್ದ ಈ ಮನುಷ್ಯನು, ಮುಂದೆ ಎರಡು ಸಾವಿರದ ಐನೂರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟನು; 1904ರಲ್ಲಿ ಆಲೆಘನಿಯ ಗ್ರಂಥಾಲಯದ ಬಳಿ ಆಂಡರ್ಸನ್ನನಿಗೆ ಒಂದು ಸ್ಮಾರಕವನ್ನು ನಿಲ್ಲಿಸಿದನು. ಅದರಲ್ಲಿ ಕಂಚಿನ ಕೂಲಿಯವನೊಬ್ಬನು ಕಮ್ಮಾರನ ಅಡಿಗಲ್ಲಿನ ಮೇಲೆ ಕುಳಿತು, ತೊಡೆಯ ಮೇಲೆ ತೆರೆದಿಟ್ಟ ಪುಸ್ತಕಕ್ಕೆ ತಲೆಬಾಗಿ ಓದುತ್ತಿದ್ದಾನೆ.